ತಿಪ್ಪ ಎಂಬ ಗುಂಪು

ಆಸ್ಪತ್ರೆಯ ಕಂಪ್ಯೂಟರ್ ವಿಭಾಗಕ್ಕೆ ಹೊಸದಾಗಿ ಬಂದ ಟಿ. ಹಲಗಲಿ ಸಾಹೇಬರ ಕಣ್ಣಿಗೆ ಮೊದಲ ದಿನವೇ ಚುಚ್ಚಿದ್ದು ಒಂದು ಹೆಸರು. ಆಸ್ಪತ್ರೆಯ ದಾಖಲೆಗಳನ್ನೆಲ್ಲ ಇಡುವ ಯಂತ್ರದಲ್ಲಿ, ಯಾವ ಸರ್ವರ್‌ಗೆ ಯಾವ ಡಿಸ್ಕ್ ಕಾಣಬೇಕೆಂದು ಹೇಳುವ ಗುಂಪುಗಳಲ್ಲಿ ಒಂದಕ್ಕೆ ಯಾರೋ 'ತಿಪ್ಪ' ಎಂದು ಇಟ್ಟಿದ್ದರು.

"ಥೂ! ಇದೇನು ಸರ್ವರ್ ರೂಮೋ, ದನದ ಕೊಟ್ಟಿಗೆಯೋ?"

"ಅದಕ್ಕೊಂದು ಕಾರಣ ಐತ್ರಿ ಸರ್" ಎಂದಳು, ಹದಿನೈದು ವರ್ಷದಿಂದ ಆ ಯಂತ್ರ ಕಾಯುತ್ತಿದ್ದ ನೀಲಗಂಗಾ.

"ಕಸಕ್ಕೆ ಕಾರಣ ಬೇರೆ ಕೇಡು!"

ಸಾಹೇಬರು ಅಳಿಸುವ ಕಮಾಂಡ್ ಕುಟ್ಟಿದರು. ಗುಂಪಿನೊಳಗೆ ನಾಲ್ಕು ಸರ್ವರ್‌ಗಳಿವೆ, ನಿಜವಾಗಿಯೂ ಅಳಿಸಲೇ ಎಂದು ಯಂತ್ರ ಕೇಳಿತು. ಯಂತ್ರಕ್ಕಿದ್ದಷ್ಟು ಅನುಮಾನವೂ ಅವರಿಗಿರಲಿಲ್ಲ. ಹೌದು ಎಂದು ಒತ್ತಿದರು.

ಎರಡೇ ನಿಮಿಷಕ್ಕೆ ಆಪರೇಷನ್ ಥಿಯೇಟರಿನಿಂದ ಫೋನ್ ಬಂತು. "ಪೇಷಂಟ್ ಟೇಬಲ್ ಮ್ಯಾಲೆ ಅದಾನ, ಒಂದು ಸ್ಕ್ಯಾನೂ ಕಾಣವಲ್ದು!"

ನೀಲಗಂಗಾ ಸಾಹೇಬರ ಕುರ್ಚಿಯನ್ನು ಪಕ್ಕಕ್ಕೆ ತಳ್ಳಿ ಗುಂಪನ್ನು ಮತ್ತೆ ಕಟ್ಟತೊಡಗಿದಳು.

"ಸ್ಕ್ಯಾನಿನ ಗುಂಪಿಗೆ ಇಂಥಾ ಹೆಸರು ಯಾಕ ಇಟ್ರಿ?" ಗಾಬರಿಯಲ್ಲಿ ಸಾಹೇಬರ ಬಾಯಿಂದ ಊರಿನ ಭಾಷೆ ಹೊರಬಿತ್ತು.

"ಚೆಂದದ ಹೆಸರಿದ್ದ ಎರಡು ಗುಂಪನ್ನ ನಿಮಗಿಂತ ಮೊದಲಿನ ಸಾಹೇಬ್ರು ಸುಧಾರಣೆ ಮಾಡಿ ಕೊಂದ್ರು. ಎರಡು ಹ್ವಾದ ಮ್ಯಾಲೆ ಮೂರನೇದರ ಉಳೀಲಿ ಅಂತ ಇಂಥಾ ಹೆಸರು ಯಾಕ ಇಡ್ತಾರ ಅನ್ನೋದನ್ನ ನಿಮ್ಮವ್ವನ್ನ ಕೇಳ್ರಿ, ತಿಪ್ಪಣ್ಣ ಸಾಹೇಬ್ರ."