ಬೆಳ್ಳುಳ್ಳಿ ಒಗ್ಗರಣೆ

ಬಡಾವಣೆಯ ಆನ್‌ಲೈನ್ ಕಟ್ಟೆಯಲ್ಲಿ ಯಾರ ಹೆಸರೂ ಕಾಣುವುದಿಲ್ಲ. ಆದರೆ ಬರೆದವರು ಕೂತ ಜಾಗದ ವಾಸನೆ ಮಾತ್ರ, ಇಂಥ ಎಲ್ಲ ಆನ್‌ಲೈನ್ ಕಟ್ಟೆಗಳಂತೆ, ಓದುವವರ ಫೋನಿನಿಂದ ಹೊಮ್ಮುತ್ತದೆ. ಅದಕ್ಕೇ ಪ್ರಫುಲ್ಲಾ ಏನಾದರೂ ಬರೆಯುವುದಿದ್ದರೆ ಗಂಡನ ಸ್ಕೂಟರಿನ ಪಕ್ಕ ಹೋಗಿ ನಿಲ್ಲುತ್ತಿದ್ದಳು. ಪೆಟ್ರೋಲ್ ವಾಸನೆ ಬಡಿದರೆ ಸಾಕು, ದೊಡ್ಡ ಮನುಷ್ಯರೆಲ್ಲ “ಹೇಳಿ ಸಾರ್” ಎನ್ನುತ್ತಿದ್ದರು.

ಇವತ್ತು ಲ್ಯಾಬಿನಿಂದ ಫೋನ್ ಬಂದಾಗ ಅವಳು ಒಲೆಯ ಮುಂದಿದ್ದಳು. ಅವಳು ಪರೀಕ್ಷೆಗೆ ಕೊಟ್ಟಿದ್ದ ಬಡಾವಣೆಯ ಟ್ಯಾಂಕಿನ ನೀರಿನಲ್ಲಿ ವಿಷವಿತ್ತು. ನಲ್ಲಿಯಲ್ಲಿ ನೀರು ಬರುವ ಹೊತ್ತು. ನಿಂತಲ್ಲೇ ಬರೆದಳು: “ಯಾರೂ ನೀರು ಕುಡಿಯಬೇಡಿ. ವಿಷ ಇದೆ. ಪರೀಕ್ಷೆ ಮಾಡಿಸಿದ್ದೀನಿ.”

“ಆಹಾ, ಬೆಳ್ಳುಳ್ಳಿ ಒಗ್ಗರಣೆ!” ಎಂದ ಒಬ್ಬ.

“ಸಾರು ಸೀದೀತು, ನೋಡ್ಕೋ ಹೋಗಮ್ಮ” ಎಂದ ಇನ್ನೊಬ್ಬ.

ಪ್ರಫುಲ್ಲಾ ಒಲೆ ಆರಿಸಿ ಹೊರಗೋಡಿದಳು. ಸ್ಕೂಟರ್ ಗಂಡನ ಜೊತೆ ಹೋಗಿತ್ತು. “ದಮ್ಮಯ್ಯ, ಕುಡೀಬೇಡಿ” ಎಂದು ಮತ್ತೆ ಬರೆದಳು. ಬೆರಳಿಗಂಟಿದ ಬೆಳ್ಳುಳ್ಳಿಯೂ ಅದರ ಜೊತೆ ಹೋಯಿತು. ಕಟ್ಟೆಯ ತುಂಬ ನಗು.

ಕೊನೆಗೆ ಬೀದಿಯಲ್ಲಿ ನಿಂತು ಅದನ್ನೇ ಗಂಟಲು ಹರಿಯುವಂತೆ ಕೂಗಿದಳು. ಎದುರು ಮನೆಯ ರಾಯರು ಆಗಷ್ಟೇ ತುಂಬಿಸಿದ ಚೊಂಬು ಹಿಡಿದು ಬಾಗಿಲಿಗೆ ಬಂದರು.

“ಯಾಕಮ್ಮಾ ಕೂಗ್ತೀಯ? ಮನೇಲಿ ಯಜಮಾನರಿಲ್ವಾ?” ಎಂದು ಕೇಳಿ, ಚೊಂಬೆತ್ತಿ ಗಟಗಟನೆ ಕುಡಿದರು.