ಖಾಲಿ ಬಿದ್ದ ಸಂಖ್ಯೆ

ಸುಗ್ಗಿ ಮುಗಿದು ಬೀಜದ ಮೂಟೆಗಳು ಗೋದಾಮಿಗೆ ಬಂದು ಬೀಳುತ್ತಿದ್ದವು. ಹೊಟ್ಟಿನ ಧೂಳು ಕಂಪ್ಯೂಟರ್ ಕೋಣೆಯವರೆಗೂ ಹಾರಿಬರುತ್ತಿತ್ತು. ಒಡೆಯರಿಲ್ಲದ ಹಳೆಯ ಫೈಲುಗಳನ್ನೆಲ್ಲ ಸಂಜೆಯೊಳಗೆ ಅಳಿಸಿಬಿಡಿ ಎಂದು ಸಾಹೇಬರ ಅಪ್ಪಣೆ. ಅವನ್ನು ಹುಡುಕಲು ಹೊಸದಾಗಿ ಸೇರಿದ ಹುಡುಗಿ ಸಿ ಭಾಷೆಯಲ್ಲಿ ಪುಟ್ಟ ಪ್ರೋಗ್ರಾಂ ಬರೆಯುತ್ತಿದ್ದಳು. ಹಿಂದೆ ನಿಂತು ಹೇಳಿಕೊಡುತ್ತಿದ್ದ ಹಿರಿಯಾಕೆಗೆ ಇದು ಕೆಲಸದ ಕೊನೆಯ ಸುಗ್ಗಿ.

"ಸ್ಟ್ಯಾಟ್ ಅಂತ ಕರಿ. ಅದು ಫೈಲು ತೆರೆಯೋದಿಲ್ಲ. ಮೂಟೆ ಬಿಚ್ಚದೆ ಮೇಲಿನ ಚೀಟಿ ಓದಿದ ಹಾಗೆ. ಎಷ್ಟು ದೊಡ್ಡದು, ಯಾರದು, ಕೊನೆಗೆ ಯಾವತ್ತು ತಿದ್ದಿದ್ದು, ಅಷ್ಟು ಹೇಳುತ್ತೆ."

ಪ್ರೋಗ್ರಾಂ ಓಡಿತು. ಹುಡುಗಿ ಕಿಸಕ್ಕನೆ ನಕ್ಕಳು. "ಮೇಡಂ, ಬೀಜದ ತೇವ ಲೆಕ್ಕ ಹಾಕೋ ಫೈಲು ನಂದಂತೆ! ತಾರೀಖು ನೋಡಿ, ಆಗ ನಾನು ಮೂಗು ಸುರಿಸ್ಕೊಂಡು ಒಂದನೇ ಕ್ಲಾಸಿಗೆ ಹೋಗ್ತಿದ್ದೆ."

ಹಿರಿಯಾಕೆ ನಗಲಿಲ್ಲ. ಯಂತ್ರ ಫೈಲಿನ ಮೇಲೆ ಒಡೆಯನ ಹೆಸರಿಡುವುದಿಲ್ಲ, ಸಂಖ್ಯೆಯನ್ನಷ್ಟೇ ಇಡುತ್ತದೆ; ಆ ಸಂಖ್ಯೆ ಈಗ ಯಾರದೋ ಅವರ ಹೆಸರು ತೋರಿಸುತ್ತದೆ. ಈ ಫೈಲಿನ ಸಂಖ್ಯೆ ಮೊದಲು ಇರುವೆಯಣ್ಣನದು. ಇರುವೆ ಸಾಲಿನಂತೆ ಒಪ್ಪವಾಗಿ ಪ್ರೋಗ್ರಾಂ ಬರೆಯುತ್ತಿದ್ದ ಆತನಿಗೆ ಎಲ್ಲರೂ ಇಟ್ಟ ಹೆಸರು ಅದು. ಆತ ತೀರಿಕೊಂಡ ವಾರವೇ, ಮೇಲಿನವರ ಮಾತಿಗೆ ತಲೆಯಾಡಿಸಿ, ಆತನ ಹೆಸರನ್ನು ಯಂತ್ರದಿಂದ ಅಳಿಸಿದವಳು ಇವಳೇ. ಇವತ್ತು ಬೆಳಿಗ್ಗೆ ಹುಡುಗಿಯ ಹೆಸರನ್ನು ಯಂತ್ರಕ್ಕೆ ಸೇರಿಸುವಾಗ, ಖಾಲಿ ಬಿದ್ದಿದ್ದ ಅದೇ ಸಂಖ್ಯೆಯನ್ನು ಯಂತ್ರ ಎತ್ತಿಕೊಟ್ಟಿತ್ತು.

"ನಿಜವಾಗ್ಲೂ ಯಾರದು ಮೇಡಂ?"

"ಇದ್ರು ಒಬ್ರು. ನನಗೆ ಕೆಲಸ ಕಲಿಸಿದೋರು. ಮಧ್ಯಾಹ್ನ ಈ ಮೇಜಲ್ಲೇ ಇಬ್ರೂ ಬುತ್ತಿ ಬಿಚ್ತಿದ್ವಿ."

ಆತನ ಸುದ್ದಿಯನ್ನು ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತೋ. ಆತನನ್ನು ಕಂಡವರು ಆ ಕಟ್ಟಡದಲ್ಲಿ ಈಗ ಅವಳೊಬ್ಬಳೇ. ಮಧ್ಯಾಹ್ನ ಬುತ್ತಿಯನ್ನು ಗೋಡೆಗೆ ಮುಖ ಮಾಡಿ ಉಣ್ಣುವುದು ರೂಢಿಯಾಗಿಹೋಗಿತ್ತು.

"ಹಾಗಾದ್ರೆ ಒಡೆಯರಿಲ್ಲದ್ದು. ಅಳಿಸೋದೇ ತಾನೆ?"

"ಸ್ವಲ್ಪ ಆ ಕಡೆ ಸರಿ." ಹಿರಿಯಾಕೆ ಕೀಲಿಮಣೆ ಎಳೆದುಕೊಂಡಳು. ಹುಡುಗಿಗೆ ಬೇರೆ ಸಂಖ್ಯೆ ಕೊಟ್ಟಳು. ಹಳೆಯ ಸಂಖ್ಯೆಯ ಮುಂದೆ ಇರುವೆಯಣ್ಣನ ಹೆಸರನ್ನು ಮತ್ತೆ ಸೇರಿಸಿ, ಆ ಹೆಸರಿನಲ್ಲಿ ಯಾರೂ ಒಳಬರದಂತೆ ಬೀಗ ಹಾಕಿದಳು. ಪ್ರೋಗ್ರಾಂ ಇನ್ನೊಮ್ಮೆ ಓಡಿತು. ಪರದೆಯ ಉದ್ದಕ್ಕೂ ಆತನ ಹೆಸರು ಸಾಲುಗಟ್ಟಿತು.

"ಸಾಹೇಬ್ರು ಕೇಳಿದ್ರೆ?"

"ಒಡೆಯರಿದ್ದಾರೆ, ನೀವೇ ನೋಡಿ ಅಂತೀನಿ."

ಸಂಜೆ ಹಿರಿಯಾಕೆ ಚೀಲ ಹೆಗಲಿಗೇರಿಸಿ ಬಾಗಿಲು ದಾಟುವಾಗ ಹುಡುಗಿ ಕರೆದಳು.

"ಮೇಡಂ, ನಿಮ್ಮ ನಂಬರ್ ಎಷ್ಟು?"

"ನಂದ್ಯಾಕಮ್ಮ ನಿನಗೆ?"

"ನೀವು ಹೋದ್ಮೇಲೆ ನಿಮ್ಮ ಹೆಸರು ಅಳಿಸು ಅಂತ ನನಗೇ ಹೇಳ್ತಾರಲ್ಲ. ಅಳಿಸಲೇಬೇಕಾದ್ರೂ, ಆ ನಂಬರ್ ಮಾತ್ರ ಯಾರಿಗೂ ಕೊಡಲ್ಲ."