ಹಿಂದಿನ ಚಕ್ರದ ಸವೆತ

ಒಂದು ಮನೆತನದ ಮಾನ ಅಂದು ಬ್ರೇಕಿನ ಲೈನರ್ ದಪ್ಪದ ಮೇಲೆ ನಿಂತಿತ್ತು.

ಗ್ಯಾರೇಜಿನಲ್ಲಿ ಕಾರು ಜಾಕಿಯ ಮೇಲಿತ್ತು. ನಿವೃತ್ತ ಅಂಪೈರರು ಕೈಕಟ್ಟಿ ಪಕ್ಕದಲ್ಲಿದ್ದರು. ನಿಲ್ಲುವಾಗಲೆಲ್ಲ ಆ ಹಳೇ ಕಾರು ಹಿಂದಿನಿಂದ ಕಿರುಚಿಕೊಳ್ಳುತ್ತಿತ್ತು. ಬೀದಿನಾಯಿಗಳೂ ಎದ್ದು ದಾರಿ ಬಿಡುತ್ತಿದ್ದವು.

"ಅಪ್ಪಾ, ಗಾಡಿ ಸರಿಯಾಗೇ ಇದೆ. ನೀವು ಓಡಿಸೋದು ಸರಿಯಿಲ್ಲ. ಕೀ ಕೊಟ್ಬಿಡಿ," ಎಂದಿದ್ದಳು ಮಗಳು.

ದೋಷ ಕಾರಿನದಾದರೆ ಕೀ ತಮ್ಮ ಬಳಿ, ತಮ್ಮದಾದರೆ ಮಗಳ ಬಳಿ ಎಂದು ಅಂಪೈರರೇ ತೀರ್ಪು ಕೊಟ್ಟಿದ್ದರು. ಕೊಟ್ಟ ತೀರ್ಪನ್ನು ಜನ್ಮದಲ್ಲಿ ಹಿಂತೆಗೆದುಕೊಂಡವರಲ್ಲ.

ಹೆಂಡತಿ ಯಾವ ಪಕ್ಷಕ್ಕೂ ಸೇರದೆ, ಬೆಂಚಿನ ಮೇಲೆ ಕುಳಿತು ಬಲಗೈ ಮಣಿಕಟ್ಟಿಗೆ ಮುಲಾಮು ತಿಕ್ಕುತ್ತಿದ್ದರು.

"ಓಡಿಸೋನು ನಾನು, ಕೈನೋವು ಇವಳಿಗೆ!" ಅಂಪೈರರು ನಕ್ಕರು.

"ಯಾರಿಗಾದ್ರೂ ನೋಯಬೇಕಲ್ಲ," ಎಂದರು ಆಕೆ.

ಮೆಕ್ಯಾನಿಕ್ ಕಾರಿನ ಕೆಳಗಿಂದ ತಲೆ ಹೊರಹಾಕಿದ. "ಮುಂದಿನ ಪ್ಯಾಡ್ ಈಚೆಗೆ ಹಾಕಿಸಿದ್ರಾ ಸಾರ್? ಮದುಮಗನ ಹಾಗಿದೆ!"

"ಕೊಂಡಾಗಿನದೇ. ವರ್ಷ ಎಷ್ಟಾಯ್ತೋ."

"ಹಿಂದಿನ ಲೈನರ್ ನೋಡಿದ್ರೆ ಕಬ್ಬಿಣಕ್ಕೆ ಕಬ್ಬಿಣ. ಯಾವ ಗಾಡೀಲೂ ಮುಂದಿನದೇ ಮೊದಲು ಸವೆಯೋದು. ಇದೇನು ಉಲ್ಟಾ?"

"ನನ್ನ ಕಾಲು ಹಗುರ ಕಣಪ್ಪಾ. ಪೆಡಲಿಗೆ ತಾಗಿಸೋದೇ ತಡ, ನಿಲ್ಲುತ್ತೆ. ಎಷ್ಟೋ ಸಲ ತಾಗಿಸೋಕ್ಕೂ ಮೊದಲೇ! ಅಷ್ಟು ಪಳಗಿಸಿದೀನಿ."

ಬೆಂಚಿನ ಮೇಲಿನವರಿಗೆ ಸಣ್ಣ ಕೆಮ್ಮು ಬಂತು.

ಮೆಕ್ಯಾನಿಕ್ ಪೆಡಲ್ ಒತ್ತಿಸಿ ನೋಡಿದ. ನಾಲ್ಕೂ ಚಕ್ರಕ್ಕೆ ಆಯಿಲ್ ಒತ್ತಡ ಸರಿಯಾಗಿತ್ತು. ಹಿಂದಿನ ಚಕ್ರಗಳನ್ನು ಮಾತ್ರ ಹಿಡಿಯುವ ಹ್ಯಾಂಡ್‌ಬ್ರೇಕಿನ ಕೇಬಲ್ ಅಂಟಿಕೊಂಡಿರಬಹುದೆಂದು ಅದನ್ನೂ ನೋಡಿದ. ಅಂಟಿಕೊಳ್ಳುವುದಿರಲಿ, ಜಗ್ಗಿ ಜಗ್ಗಿ ಸಡಿಲವಾಗಿತ್ತು.

"ಹಳೇ ಗಾಡಿ," ಎಂದರು ಅಂಪೈರರು ತೃಪ್ತಿಯಿಂದ. ಕೀ ತಮ್ಮಲ್ಲೇ ಉಳಿಯಿತೆಂದು ಜೇಬು ಮುಟ್ಟಿಕೊಂಡರು.

ಕೇಬಲ್ ಬಿಗಿಯಾಯಿತು, ಹೊಸ ಲೈನರ್ ಕುಳಿತಿತು. "ಅಂಗಳದಲ್ಲೇ ಒಂದು ಸುತ್ತು ಹಾಕಿ ಸಾರ್."

ಹೆಂಡತಿ ಸರಕ್ಕನೆ ಎದ್ದರು. "ನಾನೂ ಬರ್ತೀನಿ."

"ಇಷ್ಟು ದೂರಕ್ಕೆ ನೀನ್ಯಾಕೆ? ಟೀ ಬಂದಿದೆ, ಕುಡಿ."

"ರೀ, ನಾನಿಲ್ದೆ ಬೇಡ."

"ನೋಡಪ್ಪಾ, ಈ ವಯಸ್ಸಲ್ಲೂ ಬಿಟ್ಟಿರಲಾರಳು!" ಎನ್ನುತ್ತ ಅಂಪೈರರು ಒಬ್ಬರೇ ಕಾರು ಹತ್ತಿದರು. ಹೆಂಡತಿಯ ದೊಡ್ಡ ಕೈಚೀಲ ಎರಡು ಸೀಟುಗಳ ನಡುವೆ, ಹ್ಯಾಂಡ್‌ಬ್ರೇಕಿನ ಮೇಲೆ, ಎಂದಿನಂತೆ ಬಿದ್ದಿತ್ತು.

ಅಂಗಳದ ಕೊನೆಯಲ್ಲಿ ಹಳೇ ಟೈರುಗಳ ರಾಶಿ. ಇನ್ನೂ ದೂರವಿದೆ ಎಂದು ಅಂಪೈರರ ಕಣ್ಣು ತೀರ್ಪಿತ್ತಿತು. ಇದಕ್ಕಿಂತ ಹತ್ತಿರಕ್ಕೆ ಬಂದೂ ಕಾರು ಎಷ್ಟೋ ಸಲ ತಾನೇ ನಿಂತಿತ್ತು.

ಧಡ್! ಟೈರುಗಳು ಕಂಡಕಂಡತ್ತ ಉರುಳಿದವು.

"ನೋಡಿದ್ಯಾ? ಹಿಡೀಲೇ ಇಲ್ಲ! ಕಾರಿಂದೇ ದೋಷ!" ಗೆದ್ದವರಂತೆ ಕೂಗಿದರು.

"ಬ್ರೇಕ್ ಒತ್ತಿದ್ರಾ ಸಾರ್?"

ಉತ್ತರಕ್ಕಾಗಿ ಅಂಪೈರರು ತಮ್ಮ ಕಾಲನ್ನು ನೋಡಿಕೊಂಡರು. ಆಮೇಲೆ, ಸಾಕ್ಷಿಗೆ ಹೆಂಡತಿಯಾದರೂ ಇದ್ದಾಳೆಂದು ಕನ್ನಡಿಯನ್ನು ನೋಡಿದರು.

ದೂರದ ಬೆಂಚಿನ ಮೇಲೆ ಆಕೆ, ಸೀರೆಯ ಮೇಲೆ ಟೀ ಚೆಲ್ಲಿಕೊಂಡು, ಕಣ್ಣು ಮುಚ್ಚಿ, ಬಲಗೈ ಮುಷ್ಟಿ ಬಿಗಿಹಿಡಿದು, ತೊಡೆಯ ಪಕ್ಕದ ಬರೀ ಗಾಳಿಯನ್ನು ಬಲವಾಗಿ ಮೇಲಕ್ಕೆ ಜಗ್ಗುತ್ತಿದ್ದರು.

ಕೀ ಸಂಜೆಗೇ ಮಗಳ ಕೈ ಸೇರಿತು. ಮಣಿಕಟ್ಟಿನ ನೋವು ಅದೇ ವಾರ ವಾಸಿಯಾಯಿತು.